ಕುಡಿತ ಬಿಡೋಕೆ ಬಂದೋರ ಜೊತೆ ಮೊದಲ ಮಾತುಕತೆ ಹೇಗಿರ್ಬೇಕು?

ಕ್ಲೈಂಟ್ ಬಂದು ಕೂತ ತಕ್ಷಣ "ಲಿವರ್ ಹೋಗತ್ತೆ ಕಣಯ್ಯಾ, ಹೆಂಡ್ತಿ ಮಕ್ಕಳ ಮುಖ ನೋಡಿ ಆದ್ರೂ ಬಿಡು" ಅಂತ ಶುರು ಹಚ್ಕೊಳ್ಳೋ ಕೌನ್ಸೆಲರ್‌ಗಳನ್ನ ತುಂಬಾ ನೋಡಿದೀನಿ. ಅವನು ತಲೆ ಬಗ್ಗಿಸ್ಕೊಂಡು "ಹೂಂ ಸರ್, ಬಿಟ್ಬಿಡ್ತೀನಿ" ಅಂತಾನೆ, ಇವರು ಫೈಲಲ್ಲಿ ಕ್ಲೈಂಟ್ ಮೋಟಿವೇಟೆಡ್ ಅಂತ ಬರ್ಕೋತಾರೆ, ಎರಡನೇ ಸಲ ಅವನು ಬರೋದೇ ಇಲ್ಲ. ಎಂಎಸ್‌ಡಬ್ಲ್ಯೂ ಮುಗಿಸಿ ಹೊಸದಾಗಿ ಡಿಅಡಿಕ್ಷನ್ ಸೆಂಟರ್ ಸೇರಿರೋರು, ಮದ್ಯವರ್ಜನ ಶಿಬಿರಗಳಲ್ಲಿ ಓಡಾಡೋ ಕಾರ್ಯಕರ್ತರು, ನಿಮಗಾಗೇ ಇದು.

ಮೊದಲ ಹೆಜ್ಜೆ. ಜೊತೇಲಿ ಬಂದೋರನ್ನ ಸ್ವಲ್ಪ ಹೊತ್ತು ಹೊರಗೆ ಕೂರ್ಸಿ, ಅವನು ಒಬ್ಬನೇ ಇರೋವಾಗ ಮಾತಾಡಿ.

ಎರಡನೇದು, ಎಷ್ಟು ಕುಡೀತಾನೆ ಅನ್ನೋದು. "ಜಾಸ್ತಿ ಕುಡೀತೀರಾ?" ಅಂದ್ರೆ "ಏನೋ ಸ್ವಲ್ಪ" ಅಂತಷ್ಟೇ ಬರತ್ತೆ. ನೈಂಟಿ, ಕ್ವಾರ್ಟರ್ ಲೆಕ್ಕದಲ್ಲೇ ಕೇಳಿ. 30 ಎಂಎಲ್ ವಿಸ್ಕೀಲಿ ಹತ್ರತ್ರ 10 ಗ್ರಾಂ ಆಲ್ಕೋಹಾಲ್ ಇರತ್ತೆ, ಅದು 1 ಡ್ರಿಂಕ್, ಅಂದ್ರೆ 180 ಎಂಎಲ್‌ನ ಒಂದು ಕ್ವಾರ್ಟರ್ 6 ಡ್ರಿಂಕ್. ಕುಡಿತ ಎಷ್ಟು ಅಪಾಯದ ಮಟ್ಟದಲ್ಲಿದೆ ಅಂತ ಅಳೆಯೋಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಅನ್ನೋ 10 ಪ್ರಶ್ನೆ ಇದಾವೆ, ಅದನ್ನ ತಪ್ಪದೇ ಕೇಳಿ.

ಮೂರನೇದು ಸೇಫ್ಟಿ, ಇಲ್ಲಿ ಎಡವಿದ್ರೆ ಜೀವಾನೇ ಹೋಗ್ಬೋದು. ಬೆಳಿಗ್ಗೆ ಎದ್ದ ಕೂಡ್ಲೇ ಕೈ ನಡುಗಿ ಒಂದು ಪೆಗ್ ಹಾಕಿದ್ಮೇಲೇ ನಿಲ್ಲತ್ತೆ ಅಂತ ಅವನಂದ್ರೆ, ಇಲ್ಲಾ ಹಿಂದೆ ಯಾವಾಗ್ಲಾದ್ರೂ ಬಿಟ್ಟಾಗ ಫಿಟ್ಸ್ ಬಂದಿತ್ತು ಅಂದ್ರೆ "ಇವತ್ತಿಂದಾನೇ ಮುಟ್ಬೇಡ" ಅಂತ ದಯವಿಟ್ಟು ಹೇಳ್ಬೇಡಿ, ಮೊದಲು ಡಾಕ್ಟರ್ ಹತ್ರ ಕಳ್ಸಿ. ಕೊನೇ ಪೆಗ್ ಆದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರ್ಬೋದು, ಎರಡರಿಂದ ನಾಲ್ಕನೇ ದಿನದೊಳಗೆ ಜ್ವರ, ಬೆವರು, ಗೋಡೆ ಮೇಲೆ ಹುಳ ಹರಿದಂಗೆ ಕಾಣೋದು, ಮನೆಯೋರ ಗುರುತೂ ಸಿಗದೇ ಹೋಗೋದು, ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಹಳ್ಳಿ ಕಡೆ ಇದನ್ನ ನೋಡಿ ದೆವ್ವ ಮೆಟ್ಕೊಂಡಿದೆ ಅಂತ ತಾಯತ ಕಟ್ಸೋಕೆ ಓಡ್ತಾರೆ, ಅಷ್ಟರಲ್ಲಿ ಹೊತ್ತು ಮೀರಿರತ್ತೆ. ಇನ್ನೊಂದು, ಸುಸ್ತಾಗಿದಾನೆ ಅಂತ ಬರೀ ಗ್ಲೂಕೋಸ್ ಡ್ರಿಪ್ ಹಾಕ್ಸೋದು. ವರ್ಷಗಟ್ಲೆ ಕುಡಿದ ದೇಹದಲ್ಲಿ ಥಯಮಿನ್, ಅಂದ್ರೆ ವಿಟಮಿನ್ ಬಿ1, ಖಾಲಿಯಾಗಿರತ್ತೆ, ಅದನ್ನ ಕೊಡದೇ ಗ್ಲೂಕೋಸ್ ಮಾತ್ರ ಏರಿಸಿದ್ರೆ ಮೆದುಳಿಗೇ ಪೆಟ್ಟು ಬೀಳ್ಬೋದು. ಕಳ್ಸೋವಾಗ "ದಿನಾ ಕುಡಿಯೋರು" ಅಂತ ಚೀಟೀಲಿ ಸ್ಪಷ್ಟವಾಗಿ ಬರೆದೇ ಕಳ್ಸಿ.

ನಾಲ್ಕನೇದು ಮಾತುಕತೆ. ಜಾಸ್ತಿ ಜನ ಕೆಡ್ಸೋದು ಇಲ್ಲೇ. ನೀವು "ಬಿಡು" ಅಂತ ಒಂದು ಕಾರಣ ಕೊಟ್ರೆ ಅವನ ಮನಸ್ಸು ಬಿಡದೇ ಇರೋಕೆ ಎರಡು ಕಾರಣ ಹುಡುಕತ್ತೆ, ವಾದ ಬೆಳೆದಷ್ಟೂ ಅವನು ಕುಡಿತದ ಪರವಾಗಿ ಗಟ್ಟಿಯಾಗ್ತಾ ಹೋಗ್ತಾನೆ. ಅದಕ್ಕೇ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನೋ ದಾರಿ ತೋರ್ಸಿದ್ರು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದ್ರು. ಬದಲಾಗ್ಬೇಕು ಅನ್ನೋ ಮಾತು ಅವನ ಬಾಯಿಂದಾನೇ ಬರ್ಬೇಕು, ಇಷ್ಟೇ ಅದರ ಸಾರ.

ಶುರುವಲ್ಲಿ "ಕುಡಿದ್ರೆ ನಿಮಗೆ ಏನು ಅನುಕೂಲ ಆಗತ್ತೆ?" ಅಂತಾನೇ ಕೇಳಿ. ಹೊಸಬರು ಈ ಪ್ರಶ್ನೆಗೆ ಹೆದರ್ತಾರೆ, ಕುಡಿತಕ್ಕೆ ನಾವೇ ಸಪೋರ್ಟ್ ಮಾಡಿದಂಗಾಗಲ್ವಾ ಅಂತ. ಆಗಲ್ಲ. ಗಾರೆ ಕೆಲಸದೋನು "ಮೈಕೈ ನೋವು ಹೋಗತ್ತೆ, ನಿದ್ದೆ ಬರತ್ತೆ" ಅಂತಾನೆ, ನಾಳೆ ಅವನು ಬಿಟ್ಟಾಗ ಯಾವ ನೋವಿಗೆ, ಯಾವ ನಿದ್ದೆಗೆ ದಾರಿ ಮಾಡ್ಬೇಕು ಅಂತ ನಿಮಗೆ ಅಲ್ಲೇ ಗೊತ್ತಾಯ್ತು. ಆಮೇಲೆ ತೊಂದರೆ ಏನಾಗಿದೆ ಅಂತ ಕೇಳಿ. ಆಮೇಲೆ ಅಳತೆ ಪ್ರಶ್ನೆ:

"0 ಇಂದ 10ರಲ್ಲಿ, ಬಿಡೋದು ನಿಮಗೆ ಎಷ್ಟು ಮುಖ್ಯ?"

"ಒಂದು 4 ಇರ್ಬೋದು ಸರ್."

ಇಲ್ಲಿ "ಯಾಕೆ 8 ಅಲ್ಲ?" ಅಂತ ಕೇಳಿದ್ರೆ ಕೆಟ್ಟಿತು, ಬಿಡೋಕಾಗದೇ ಇರೋ ಕಾರಣಗಳೆಲ್ಲ ಸಾಲಾಗಿ ಬರ್ತವೆ. "4 ಯಾಕೆ, 1 ಯಾಕಲ್ಲ?" ಅಂತ ಕೇಳಿ.

"ಮಗಳು ಎಸ್ಎಸ್ಎಲ್ಸಿ ಸರ್. ನಾ ಕುಡಿದು ಹೋದ್ರೆ ಪುಸ್ತಕ ಎತ್ಕೊಂಡು ಪಕ್ಕದ್ಮನೆಗೆ ಹೋಗ್ಬಿಡ್ತಾಳೆ."

ಈಗ ಬುದ್ಧಿ ಹೇಳೋ ಆಸೆ ಬಂದೇ ಬರತ್ತೆ. ತಡ್ಕೊಳ್ಳಿ. "ಅವಳು ಹಂಗೆ ಎದ್ದು ಹೋಗೋದು ನಿಮಗೆ ನೋವಾಗತ್ತೆ" ಅಂತ ಅವನ ಮಾತನ್ನೇ ವಾಪಸ್ ಕೊಟ್ಟು ಸುಮ್ನಿರಿ. ಆ ಮೌನ ಎಷ್ಟೇ ಉದ್ದ ಅನ್ಸಿದ್ರೂ ನೀವು ತುಂಬ್ಬೇಡಿ, ಮುಂದಿನ ಮಾತು ಅವನದ್ದಾಗ್ಲಿ. ದೇವರ ಮುಂದೆ ಆಣೆ ಹಾಕ್ಸೋದು, ಮಗು ತಲೆ ಮೇಲೆ ಕೈ ಇಡ್ಸೋದು ನಾನಂತೂ ಬೇಡ್ವೇ ಬೇಡ ಅಂತೀನಿ, ಮತ್ತೆ ಕುಡಿದಾಗ ನಾಚಿಕೆಗೆ ನಿಮ್ಮ ಹತ್ರಾನೂ ಬರಲ್ಲ.

ಐದನೇದು ಮನೆಯೋರು. "ಗೊತ್ತಿಲ್ದಂಗೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಅಂತ ಮಾರೋ ಪೌಡರ್ ತಗೊಂಡಿದಾರಾ ಅಂತ ಕೇಳಿ, ತಗೊಂಡಿದ್ರೆ ನಿಲ್ಲಿಸೋಕೆ ಹೇಳಿ. ಒಳಗೆ ಏನಿದೆ ಅಂತಾನೇ ಗೊತ್ತಿರಲ್ಲ. ಕುಡಿತ ಬಿಡ್ಸೋಕೆ ಡಾಕ್ಟರ್ ಕೊಡೋ ಡೈಸಲ್ಫಿರಾಮ್ ಅನ್ನೋ ಔಷಧಿ ಇದ್ರಂತೂ ಮೇಲೆ ಕುಡಿದಾಗ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ಬಿಪಿ ಇಳಿದು ಪ್ರಾಣಕ್ಕೇ ಅಪಾಯ. ಆ ಮಾತ್ರೆ ಒಳ್ಳೇದೇ, ಆದ್ರೆ ಅವನಿಗೆ ಗೊತ್ತಿದ್ದು, ಅವನು ಒಪ್ಪಿ, ಡಾಕ್ಟರ್ ಕೊಟ್ರೆ ಮಾತ್ರ.

ಕೊನೇದಾಗಿ ಅಡ್ರೆಸ್‌ಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡ್ಬೋದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಎಎ, ಅಂದ್ರೆ ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪಿನ ಮೀಟಿಂಗ್‌ಗೂ ಫೀಸ್ ಇಲ್ಲ. ಮುಂದಿನ ಡೇಟ್ ಬರೆದ ಚೀಟಿನ ಹೆಂಡ್ತಿ ಕೈಗಲ್ಲ, ಅವನ ಕೈಗೇ ಕೊಡಿ, "ಮಧ್ಯದಲ್ಲಿ ಯಾವಾಗ್ಲಾದ್ರೂ ಕುಡಿದ್ರೂ ಆ ದಿನ ಬನ್ನಿ" ಅಂತ ಬಾಯಿಬಿಟ್ಟು ಹೇಳಿ. ಕುಡಿದೇ ಬಂದ ಅಂದ್ಕೊಳ್ಳಿ, ಬೈಬೇಡಿ, ಅದಕ್ಕೂ ಮುಂಚೆ ಎಷ್ಟು ದಿನ ಬಿಟ್ಟಿದ್ದ, ಆ ದಿನಗಳಲ್ಲಿ ಸಾಯಂಕಾಲ ಏನು ಮಾಡ್ತಿದ್ದ ಅನ್ನೋದ್ರಿಂದ ಮಾತು ಶುರು ಮಾಡಿ.