ಹೈಪೋ ಒಂದು ಮೂಲೆ, ಆಸಿಡ್ ಇನ್ನೊಂದು ಮೂಲೆ: ಅಪಾರ್ಟ್‌ಮೆಂಟ್ ಎಸ್‌ಟಿಪಿಯಲ್ಲಿ ಕೆಮಿಕಲ್ ನಿರ್ವಹಣೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ, ಎಂದರೆ ಕೊಳಚೆ ನೀರು ಸಂಸ್ಕರಿಸುವ ಘಟಕ, ಹೆಚ್ಚಾಗಿ ಬೇಸ್‌ಮೆಂಟಿನಲ್ಲೇ ಇರುತ್ತದೆ. ಗಾಳಿ ಕಡಿಮೆ, ಪಕ್ಕದಲ್ಲೇ ಕಾರ್ ಪಾರ್ಕಿಂಗ್. ಬಳಸುವ ಕೆಮಿಕಲ್‌ಗಳು ಬೆರಳೆಣಿಕೆಯಷ್ಟು: ಕ್ರಿಮಿ ಕೊಲ್ಲಲು ಹೈಪೋ, ಎಂದರೆ ಸೋಡಿಯಂ ಹೈಪೋಕ್ಲೋರೈಟ್, ತೇಲುವ ಕಣಗಳನ್ನು ಕೂರಿಸಲು ಪಿಎಸಿ (ಪಾಲಿ ಅಲ್ಯುಮಿನಿಯಂ ಕ್ಲೋರೈಡ್) ಅಥವಾ ಆಲಂ (ಪಟಿಕ), ನೀರು ಸೋಸುವ ಯುಎಫ್ ಮೆಂಬ್ರೇನ್ ತೊಳೆಯಲು ಆಸಿಡ್ ಮತ್ತು ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್). ಬಿಡಿಬಿಡಿಯಾಗಿ ಇವನ್ನು ಕೈಗವಸು, ಕನ್ನಡಕ ಹಾಕಿಕೊಂಡು ನಿಭಾಯಿಸಬಹುದು. ಆದರೆ ಹೈಪೋಗೆ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರದ ಅನಿಲ, ಬೇಸ್‌ಮೆಂಟಿನ ನೆಲ ಹಿಡಿದು ಕೂರುತ್ತದೆ. 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ) ಇದ್ದರೇ ಪ್ರಾಣಾಪಾಯದ ಮಟ್ಟ. ಪಿಎಸಿ, ಆಲಂ ದ್ರಾವಣಗಳೂ ಆಮ್ಲೀಯವೇ ಎನ್ನುವುದು ಬಹಳ ಆಪರೇಟರ್‌ಗಳಿಗೆ ಗೊತ್ತಿರುವುದಿಲ್ಲ.

ಎಡವಟ್ಟಾಗುವುದು ಕ್ಯಾನ್ ಇಳಿಸುವಾಗ. ಎಲ್ಲವೂ ಒಂದೇ ಥರದ ನೀಲಿ ಕ್ಯಾನಿನಲ್ಲಿ ಬರುತ್ತವೆ, ಲೇಬಲ್ ಒದ್ದೆಯಾಗಿ ಕಿತ್ತುಹೋಗಿರುತ್ತದೆ. ಅದಕ್ಕೇ ನಾವು ಹೈಪೋ ಮತ್ತು ಆಸಿಡ್ ಒಂದೇ ದಿನ ತರಿಸುವುದಿಲ್ಲ. ಇಟ್ಟುಕೊಳ್ಳುವುದೂ ಎದುರುಬದುರು ಮೂಲೆಗಳಲ್ಲಿ, ಬೇರೆ ಬೇರೆ ಕಟ್ಟೆಯೊಳಗೆ. ಅತಿ ದೊಡ್ಡ ಕ್ಯಾನ್ ಪೂರ್ತಿ ಸೋರಿದರೂ ಕಟ್ಟೆ ದಾಟಬಾರದು, ಎರಡೂ ಕಟ್ಟೆಗಳ ನೀರು ಒಂದೇ ಚರಂಡಿಗೆ ಸೇರಬಾರದು. ಕೆಮಿಕಲ್ ಅಳೆದು ನೀರಿಗೆ ಬಿಡುವ ಡೋಸಿಂಗ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ. ಸುರಿಯುವ ಮುಂಚೆ ಪಿಎಚ್ ಪಟ್ಟಿಗೆ ಒಂದು ಹನಿ ಮುಟ್ಟಿಸಿ ನೋಡುತ್ತೇವೆ: ಹೈಪೋ ಆದರೆ ಪಟ್ಟಿ ಕಡುನೀಲಿಗೆ ತಿರುಗಿ, ನೋಡುತ್ತಿದ್ದಂತೆ ಬಣ್ಣ ಕಳೆದು ಬೆಳ್ಳಗಾಗುತ್ತದೆ. ಕೆಂಪಾದರೆ ಆ ಕ್ಯಾನ್ ಹೈಪೋ ಟ್ಯಾಂಕಿನ ಹತ್ತಿರವೂ ಸುಳಿಯಬಾರದು. ಪುಡಿಗಾಸಿನ ಈ ಪಟ್ಟಿಯಿಂದ ಆದಷ್ಟು ಲಾಭ ಬೇರೆ ಯಾವ ಸಲಕರಣೆಯಿಂದಲೂ ಆಗಿಲ್ಲ.

ಎಷ್ಟು ತರಿಸಬೇಕು ಎನ್ನುವುದೂ ಸುರಕ್ಷತೆಯ ಲೆಕ್ಕವೇ. ದಿನಕ್ಕೆ 100 ಕಿಲೋಲೀಟರ್ (ಒಂದು ಲಕ್ಷ ಲೀಟರ್) ನೀರಿಗೆ 5 ಪಿಪಿಎಂ ಕ್ಲೋರಿನ್ ಎಂದರೆ 500 ಗ್ರಾಂ. ಹೈಪೋ 10 ಶೇಕಡಾದ್ದಾದರೆ ದಿನಕ್ಕೆ ಸುಮಾರು 5 ಲೀಟರ್. ಅಂದರೆ 35 ಲೀಟರಿನ ಒಂದು ಕ್ಯಾನ್ ಒಂದು ವಾರಕ್ಕಾಯಿತು. ಎರಡು ಮೂರು ವಾರಕ್ಕಿಂತ ಹೆಚ್ಚು ದಾಸ್ತಾನು ಮಾಡುವುದಿಲ್ಲ, ಏಕೆಂದರೆ ಶಾಖ, ಬಿಸಿಲು ತಾಗಿದರೆ ಹೈಪೋ ತಾನಾಗಿ ಶಕ್ತಿ ಕಳೆದುಕೊಂಡು ಆಮ್ಲಜನಕ ಬಿಡುತ್ತದೆ. ಮುಚ್ಚಳದಲ್ಲಿ ಗಾಳಿಕಿಂಡಿ ಇಲ್ಲದ ಕ್ಯಾನ್ ಉಬ್ಬಿಕೊಳ್ಳುತ್ತದೆ. ಅದೇ ಗಾಳಿ ಡೋಸಿಂಗ್ ಪಂಪಿನ ತಲೆಯಲ್ಲಿ ಸಿಕ್ಕಿಕೊಂಡು ಪಂಪ್ ಸದ್ದು ಮಾಡುತ್ತದೆ, ಹೈಪೋ ಮಾತ್ರ ಹೋಗುವುದಿಲ್ಲ. ಆಗ ಪೈಪ್ ಬಿಚ್ಚಿ ನೋಡಹೋದವನ ಮುಖಕ್ಕೇ ಚಿಮ್ಮುತ್ತದೆ. ಫೇಸ್ ಶೀಲ್ಡ್ ಹಾಕಿ, ಒತ್ತಡ ಇಳಿಸಿ, ಆಮೇಲೆ ಬಿಚ್ಚಬೇಕು. ಬಾಲ್ ವಾಲ್ವ್ ಮುಚ್ಚಿದಾಗ ಅದರ ಹೊಟ್ಟೆಯಲ್ಲಿ ಉಳಿದ ಹೈಪೋ ಕೂಡ ಹೀಗೇ ಒತ್ತಡ ಕಟ್ಟಿ ವಾಲ್ವ್ ಒಡೆಯಬಲ್ಲದು. ಟ್ಯಾಂಕಿನ ಕಡೆಗೆ ಸಣ್ಣ ರಂಧ್ರವಿರುವ ಬಾಲ್ ಕೇಳಿ ತರಿಸಿ. ಹಿತ್ತಾಳೆ, ಕಬ್ಬಿಣದ ಫಿಟಿಂಗ್ ಬೇಡ, ಲೋಹ ತಾಗಿದರೆ ಹೈಪೋ ಇನ್ನೂ ಬೇಗ ಒಡೆಯುತ್ತದೆ. ತೆಳು ಮಾಡಲು ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಸುಣ್ಣ ಕಟ್ಟಿ ಪಂಪಿನ ವಾಲ್ವ್ ಹಿಡಿದುಬಿಡುತ್ತದೆ. ಸಾಫ್ಟನರ್ ನೀರೇ ಆಗಬೇಕು.

ಎರಡನೇ ಅಪಾಯದ ಜಾಗ ಮೆಂಬ್ರೇನನ್ನು ಬಿಚ್ಚದೆ ಇದ್ದಲ್ಲೇ ತೊಳೆಯುವ ಸಿಐಪಿ ಟ್ಯಾಂಕ್. ಒಂದೇ ಟ್ಯಾಂಕಿನಲ್ಲಿ ಮೊದಲು ಹೈಪೋ, ನಂತರ ಆಸಿಡ್. ಮಧ್ಯೆ ಟ್ಯಾಂಕ್, ಪೈಪ್, ಮೆಂಬ್ರೇನ್ ಮೂರನ್ನೂ ನೀರು ಹರಿಸಿ ತೊಳೆದು, ಹೊರಬರುವ ನೀರಿಗೆ ಕ್ಲೋರಿನ್ ಕಿಟ್ ಹಾಕಿ ಬಣ್ಣ ಬಾರದ್ದನ್ನು ಖಚಿತ ಮಾಡಿಕೊಂಡು, ಪುಸ್ತಕದಲ್ಲಿ ಸಹಿ ಮಾಡಿದ ಮೇಲೇ ಆಸಿಡ್ ಕ್ಯಾನ್ ತೆಗೆಯುವುದು. ಬಳಸಿದ ಆಸಿಡ್ಡನ್ನು ಹಾಗೇ ಒಳಬರುವ ಕೊಳಚೆ ಸೇರುವ ಈಕ್ವಲೈಸೇಷನ್ ಟ್ಯಾಂಕಿಗೋ ಕೆಸರಿನ ಟ್ಯಾಂಕಿಗೋ ಬಿಡಬೇಡಿ. ಹಳಸಿದ ಕೆಸರಿನಲ್ಲಿರುವ ಸಲ್ಫೈಡ್‌ಗೆ ಆಸಿಡ್ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಏಳುತ್ತದೆ. ಪ್ರತ್ಯೇಕ ಡ್ರಮ್ಮಿನಲ್ಲಿ ಸೋಡಾ ಆಶ್ ಸ್ವಲ್ಪಸ್ವಲ್ಪವೇ ಹಾಕಿ, ಪಿಎಚ್ 7ರ ಆಸುಪಾಸಿಗೆ ತಂದು, ಆಮೇಲೆ ಬಿಡಬೇಕು. ಒಮ್ಮೆಗೇ ಸುರಿದರೆ ನೊರೆ ಉಕ್ಕುತ್ತದೆ. ಕಾಸ್ಟಿಕ್ ಫ್ಲೇಕ್ಸ್ ಕರಗಿಸುವಾಗ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರಲ್ಲ.

ಹೈಪೋ ಚೆಲ್ಲಿದರೆ ಗರಗಸದ ಹೊಟ್ಟು, ಚಿಂದಿಬಟ್ಟೆ ಹಾಕಿ ಒರೆಸಬೇಡಿ, ಒಣಗಿದ ಮೇಲೆ ಅದು ಹೊತ್ತಿಕೊಳ್ಳಬಹುದು. ಮರಳು ಹಾಕಿ ತಡೆದು, ಧಾರಾಳ ನೀರಿನಲ್ಲಿ ತೆಳು ಮಾಡಿ. ಗಾಳಿ ಊದುವ ಏರೇಷನ್ ಟ್ಯಾಂಕಿಗೆ ಹೋಯಿತೋ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸತ್ತು ಪ್ಲಾಂಟ್ ಮಲಗುತ್ತದೆ. ಕಣ್ಣಿಗೆ ಬಿದ್ದರೆ 15 ನಿಮಿಷ ನಿಲ್ಲದೆ ನೀರು ಹರಿಯಬೇಕು. ನಿಮಿಷಕ್ಕೆ ಒಂದೂವರೆ ಲೀಟರ್ ಹಿಡಿದರೂ 22 ಲೀಟರ್ ದಾಟುತ್ತದೆ. ಗೋಡೆಗೆ ನೇತುಹಾಕಿದ ಅರ್ಧ ಲೀಟರಿನ ಬಾಟಲಿ ತೋರಿಕೆಗಷ್ಟೇ. ಡೋಸಿಂಗ್ ಜಾಗದಿಂದ ಹತ್ತು ಸೆಕೆಂಡಿನ ನಡಿಗೆಯೊಳಗೆ ಶುದ್ಧ ನೀರಿನ ಪೈಪ್ ಎಳೆಸಿ, ವಾರಕ್ಕೊಮ್ಮೆ ತಿರುಗಿಸಿ ನೋಡಿ. ಸಂಸ್ಕರಿಸಿದ ನೀರಿನ ಲೈನಿಗೆ ಜೋಡಿಸಿರುವುದನ್ನೂ ಕಂಡಿದ್ದೇವೆ, ಅದನ್ನು ಕಣ್ಣಿಗೆ ಬಿಡುವುದುಂಟೇ?

ಕೆಸರಿನ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದೇ ಇಲ್ಲ, ಸಕ್ಷನ್ ಗಾಡಿ ಕರೆಸುತ್ತೇವೆ. ಮುಚ್ಚಳ ತೆಗೆಯುವಾಗಲೂ ನಾಲ್ಕು ಅನಿಲಗಳ ಮೀಟರನ್ನು ಕೊಳವೆಯ ಮೂಲಕ ಮೇಲೆ, ನಡುವೆ, ತಳದಲ್ಲಿ ಹಿಡಿಯಬೇಕು. ಆಮ್ಲಜನಕ 19.5 ಶೇಕಡಾಕ್ಕಿಂತ ಕೆಳಗಿದ್ದರೆ ಅಥವಾ ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ದಾಟಿದರೆ ಎಲ್ಲರೂ ಹಿಂದೆ ಸರಿದು, ಎಕ್ಸಾಸ್ಟ್ ಹಾಕಬೇಕು. ಮೂಗನ್ನು ನಂಬುವಂತಿಲ್ಲ, 100 ಪಿಪಿಎಂ ಆಸುಪಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಗೊತ್ತಾಗುವುದೇ ನಿಂತುಹೋಗುತ್ತದೆ. ಎನ್95 ಮಾಸ್ಕ್ ಧೂಳಿಗೆ, ಅನಿಲಕ್ಕಲ್ಲ.