ಚಳಿಯಲ್ಲಿ ಗ್ಯಾಸ್ ಸ್ಟವ್ ಮಂಕಾದರೆ ತಟ್ಟೆಗೆ ನೀರು ಹಾಕಿ

ರಾಜಗಡ–ತೋರಣಾ–ರಾಯಗಡ ಕೋಟೆಗಳ ಚಾರಣದ ದಾರಿಯನ್ನು ವಾರಾಂತ್ಯಕ್ಕೊಂದು ತುಂಡಿನಂತೆ ನಡೆಯುತ್ತಿರುವ ಪುಣೆಯ ಗೆಳೆಯರಿಗೆ: ಬೆಳಗಿನ ಚಹಾಕ್ಕೆ ಇಡುವಾಗ ಪುಟ್ಟ ಸ್ಟವ್ ಕೂರಿಸಿದ ಗ್ಯಾಸ್ ಕ್ಯಾನನ್ನು ಅಗಲವಾದ ತಟ್ಟೆಯಲ್ಲಿ ನಿಲ್ಲಿಸಿ, ಎರಡು ಬೆರಳು ಎತ್ತರಕ್ಕೆ ಉಗುರುಬೆಚ್ಚಗಿನ ನೀರು ಸುರಿಯಿರಿ. ಮಂಕಾಗಿ ಉರಿಯುತ್ತಿದ್ದ ಜ್ವಾಲೆ ಒಂದೆರಡು ನಿಮಿಷದಲ್ಲಿ ಚುರುಕಾಗುತ್ತದೆ. ಒಳಗಿರುವ ಬ್ಯೂಟೇನ್ ದ್ರವರೂಪದಲ್ಲಿದ್ದು, ಆವಿಯಾಗುವಾಗ ಕ್ಯಾನಿನ ಶಾಖವನ್ನೇ ಹೀರುತ್ತದೆ. ಹೊರಗೆ 8–10 ಡಿಗ್ರಿ ಇದ್ದರೂ ಉರಿಯುತ್ತಾ ಉರಿಯುತ್ತಾ ಕ್ಯಾನ್ ಅದಕ್ಕಿಂತ ತಣ್ಣಗಾಗುತ್ತದೆ. 0 ಡಿಗ್ರಿ ಹತ್ತಿರ ಬಂದರೆ ಬ್ಯೂಟೇನ್ ಸ್ಟವ್ ಉರಿಸುವಷ್ಟು ಆವಿಯಾಗುವುದೇ ಇಲ್ಲ. ನೀರು ಆ ಕೊರತೆಯ ಶಾಖವನ್ನು ತುಂಬಿಕೊಡುತ್ತದೆ, ಬಾಟಲಿಯ ತಣ್ಣೀರಾದರೂ ಬರಿಗಾಳಿಗಿಂತ ವಾಸಿ. ರಾತ್ರಿ ಕ್ಯಾನನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಇಟ್ಟುಕೊಂಡು ಮಲಗಿದರೆ ಅರ್ಧ ಕೆಲಸ ಮುಗಿದ ಹಾಗೆಯೇ (ಸ್ಟವ್ ಬಿಚ್ಚಿಟ್ಟೇ ಮಲಗಿ!). ಆದರೆ ಕ್ಯಾನ್ ಖಾಲಿಯಾಗುತ್ತಾ ಬಂದಿದ್ದರೆ ಈ ಉಪಾಯ ಹೆಚ್ಚು ಹೊತ್ತು ನಡೆಯದು. ನಾಜಲ್‌ನಲ್ಲಿ ಕಸ ಕಟ್ಟಿದ್ದರಂತೂ ಎಷ್ಟು ನೀರು ಹಾಕಿದರೂ ಅಷ್ಟೇ. ಹಿಮಾಲಯದ ಕಡು ಚಳಿಗೂ ಇದನ್ನೇ ನಂಬಿ ಹೋಗಬೇಡಿ, ಅಲ್ಲಿಗೆ ಕಡು ಚಳಿಯಲ್ಲೂ ಆವಿಯಾಗುವ ಪ್ರೊಪೇನ್ ಬೆರೆತ ಕ್ಯಾನೇ ಬೇಕು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಬೆರಳು ಅದ್ದಿದರೆ ಸುಡುವಷ್ಟು ಬಿಸಿ ನೀರು ಬೇಡವೇ ಬೇಡ, ಗಾಳಿ ತಡೆಯಲು ಕ್ಯಾನಿನ ಸುತ್ತ ತಗಡು ಕಟ್ಟುವುದೂ ಬೇಡ. ಅತಿಯಾಗಿ ಕಾದರೆ ಕ್ಯಾನ್ ಸಿಡಿಯುತ್ತದೆ. ಟೆಂಟಿನ ಒಳಗೆ ಸ್ಟವ್ ಹಚ್ಚುವ ಸಾಹಸವನ್ನಂತೂ, ದಯವಿಟ್ಟು, ಎಷ್ಟೇ ಚಳಿಯಿದ್ದರೂ ಮಾಡಬೇಡಿ. ತಟ್ಟೆಯ ನೀರನ್ನು ಚೆಲ್ಲಬೇಡಿ, ಪಾತ್ರೆ ತೊಳೆಯಲಿಕ್ಕೆ ಆಗುತ್ತದೆ.