ರೇಷ್ಮೆ ನೂಲಿನ ಬಣ್ಣದ ತೊಟ್ಟಿಯಲ್ಲಿ ರಾಸಾಯನಿಕಗಳು ಮಾಡುವ ಕೆಲಸ

ದೊಡ್ಡಬಳ್ಳಾಪುರದ ಸೀರೆ ಮಗ್ಗಗಳಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುವುದು ನನ್ನ ಕಸುಬು. ಶಾಲೆಯಲ್ಲಿ ಉತ್ಕರ್ಷಣಕಾರಿ (ಎಲೆಕ್ಟ್ರಾನ್ ಕಸಿಯುವುದು), ಅಪಕರ್ಷಣಕಾರಿ (ಎಲೆಕ್ಟ್ರಾನ್ ಕೊಡುವುದು) ಎಂದು ಓದಿದ್ದ ರಾಸಾಯನಿಕ ಕಾರಕಗಳು ಇಲ್ಲಿ ಚೀಲ, ಡಬ್ಬ, ಕ್ಯಾನುಗಳಲ್ಲಿ ಪ್ರತಿದಿನ ಕೈಗೆ ಬರುತ್ತವೆ. ಒಂದು ರಾಸಾಯನಿಕ ಏನು ಕೆಲಸ ಮಾಡುತ್ತದೆ ಎಂಬುದನ್ನು ಅದರ ಹೆಸರೊಂದೇ ಹೇಳುವುದಿಲ್ಲ. ತೊಟ್ಟಿಯಲ್ಲಿರುವ ನಾರು, ನೀರು, ಕಾವು ಮತ್ತು ಆಮ್ಲ-ಕ್ಷಾರದ ಮಟ್ಟ ಅದನ್ನು ನಿರ್ಧರಿಸುತ್ತವೆ.

ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು ಇರುತ್ತದೆ. ಅದನ್ನು ತೆಗೆಯದೆ ಬಣ್ಣ ಹಾಕಿದರೆ ಬಣ್ಣ ಅಂಟಿನ ಮೇಲೆಯೇ ನಿಲ್ಲುತ್ತದೆ, ಹೊಳಪೂ ಬರುವುದಿಲ್ಲ. ನಾನು ಒಂದು ಕಿಲೋ ನೂಲಿಗೆ 200ರಿಂದ 250 ಗ್ರಾಂ ಸಾಬೂನು ಹಾಕಿ, ಲೀಟರ್ ನೀರಿಗೆ ಒಂದೆರಡು ಗ್ರಾಂ ಸೋಡಾ ಆಶ್ ಎಂಬ ಕ್ಷಾರ ಸೇರಿಸಿ, 90-95 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಲಡಿಗಳನ್ನು (ಸುತ್ತಿದ ನೂಲಿನ ಕಟ್ಟುಗಳನ್ನು) ತಿರುವುತ್ತೇನೆ. ಸೋಡಾ ಅಂಟನ್ನು ಸಡಿಲಿಸುತ್ತದೆ, ಸಾಬೂನು ಅದು ಮತ್ತೆ ನೂಲಿಗೆ ಹತ್ತದಂತೆ ನೀರಿನಲ್ಲಿ ಹಿಡಿದಿಡುತ್ತದೆ. ಆದರೆ ಕೆಲಸ ಬೇಗ ಮುಗಿಯಲೆಂದು ಸೋಡಾ ಹೆಚ್ಚಿಸಿದರೆ, ಅಂಟನ್ನು ಕರಗಿಸಿದ ಅದೇ ಕ್ಷಾರ ಒಳಗಿನ ಫೈಬ್ರೋಯಿನ್ ಎಳೆಯನ್ನೂ ತಿನ್ನತೊಡಗುತ್ತದೆ. ಎರಡೂ ಪ್ರೋಟೀನುಗಳೇ ಅಲ್ಲವೇ. ಕುದಿಯುವ ನೀರಿನಲ್ಲಿ ಎಳೆದಾಡಿದರೆ ನೂಲು ಜೂಲು ಏಳುತ್ತದೆ, ಮಗ್ಗದಲ್ಲಿ ಹರಿಯುತ್ತದೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ, ಕರಗದ ಬಿಳಿ ಜಿಡ್ಡಾಗಿ ಲಡಿಗೆ ಮೆತ್ತಿಕೊಳ್ಳುತ್ತವೆ. ತೊಳೆದು ಹಿಂಡಿದ ಲಡಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಅಲ್ಲಲ್ಲಿ ಮಂಕಾಗಿ ಕಾಣುವ ಆ ಭಾಗಗಳೇ ಮುಂದೆ ಬಣ್ಣದಲ್ಲಿ ಮಚ್ಚೆಗಳಾಗುತ್ತವೆ. ಆದ್ದರಿಂದ ಸಾಬೂನಿಗೂ ಮೊದಲು ಇಡಿಟಿಎ ಲವಣವನ್ನು ನೀರಿಗೆ ಹಾಕುತ್ತೇನೆ. ಅದು ಈ ಲೋಹದ ಅಯಾನುಗಳನ್ನು ಹಿಡಿದು ಸಾಬೂನಿನಿಂದ ದೂರವಿಡುತ್ತದೆ. ಬಣ್ಣದ ಹೊಣೆಯನ್ನೆಲ್ಲ ಬಣ್ಣದ ಪುಡಿಯ ಮೇಲೆ ಹೊರಿಸುವವರು ಮೊದಲು ನೀರನ್ನು ಪರೀಕ್ಷಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ತಿಳಿ ಬಣ್ಣಗಳಿಗೆ ನೂಲನ್ನು ಬಿಳುಪು ಮಾಡಲೇಬೇಕು. ಹತ್ತಿಗೆ ಬಳಸುವ ಕ್ಲೋರಿನ್ ಬ್ಲೀಚನ್ನು ರೇಷ್ಮೆಯ ಹತ್ತಿರಕ್ಕೂ ತರಬಾರದು. ಅದು ಎಳೆಯನ್ನು ಹಾಳು ಮಾಡಿ ಹಳದಿಯಾಗಿಸುತ್ತದೆ. ಇಲ್ಲಿ ಹೈಡ್ರೋಜನ್ ಪೆರಾಕ್ಸೈಡೇ ಸರಿ. ಅದು ಒಮ್ಮೆಲೇ ಒಡೆಯದಂತೆ ಸೋಡಿಯಂ ಸಿಲಿಕೇಟ್ ತಡೆಯುತ್ತದೆ. ಕಬ್ಬಿಣದ ತುಕ್ಕು ಇದ್ದರೆ ಪೆರಾಕ್ಸೈಡ್ ಆ ಜಾಗದಲ್ಲಿ ವೇಗವಾಗಿ ಒಡೆದು ಎಳೆ ದುರ್ಬಲವಾಗುವುದರಿಂದ ತುಕ್ಕು ಹಿಡಿಯದ ಸ್ಟೀಲ್ ತೊಟ್ಟಿಯನ್ನೇ ಬಳಸುತ್ತೇನೆ.

ಬಣ್ಣ ಹಾಕುವಾಗ ಗ್ಲಾಬರ್ ಲವಣದ (ಸೋಡಿಯಂ ಸಲ್ಫೇಟ್) ನಡತೆ ನನಗೆ ಇಂದಿಗೂ ಅತ್ಯಂತ ಸ್ವಾರಸ್ಯದ ಸಂಗತಿ. ಹತ್ತಿಯ ತೊಟ್ಟಿಯಲ್ಲಿ ಇದೇ ಲವಣ ಬಣ್ಣವನ್ನು ನೀರಿನಿಂದ ನಾರಿನತ್ತ ತಳ್ಳುತ್ತದೆ. ರೇಷ್ಮೆಗೆ ಆಸಿಡ್ ಬಣ್ಣ, ಅಂದರೆ ಆಮ್ಲದ ನೀರಿನಲ್ಲಿ ನಾರಿಗೆ ಹತ್ತುವ ಬಣ್ಣ, ಹಾಕುವಾಗ ಅದರ ಸಲ್ಫೇಟ್ ಅಯಾನುಗಳು ನಾರಿನಲ್ಲಿ ಬಣ್ಣ ಕೂರುವ ಜಾಗಗಳನ್ನು ತಾತ್ಕಾಲಿಕವಾಗಿ ಆಕ್ರಮಿಸಿ, ಬಣ್ಣ ನಿಧಾನವಾಗಿ, ಸಮನಾಗಿ ಏರುವಂತೆ ಮಾಡುತ್ತವೆ. ಬಣ್ಣವನ್ನು ನಾರಿಗೆ ಹತ್ತಿಸುವ ಅಸಿಟಿಕ್ ಆಮ್ಲವನ್ನು ನಾನು ಒಟ್ಟಿಗೆ ಸುರಿಯದೆ ಕಾವು ಏರಿಸುತ್ತಾ ಕಂತುಗಳಲ್ಲಿ ಹಾಕುವುದೂ ಇದೇ ಕಾರಣಕ್ಕೆ.

ಬಣ್ಣ ಕೆಟ್ಟ ನೂಲಿನಿಂದ ಬಣ್ಣ ಇಳಿಸಲು ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಬೇಕು. ಈ ಅಪಕರ್ಷಣಕಾರಿ, ಸಾರಜನಕದ ಜೋಡಿ ಕೊಂಡಿಯಿರುವ ಅಜೋ ಬಣ್ಣದ ಅಣುವನ್ನೇ ಎರಡಾಗಿ ಒಡೆಯುತ್ತದೆ. ತೇವ ತಾಗಿದರೆ ಡಬ್ಬದಲ್ಲಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುವ ಈ ಪುಡಿಯನ್ನು ಒಣ ಚಮಚದಿಂದಲೇ ತೆಗೆಯಬೇಕು, ತೊಟ್ಟಿಯ ತುಂಬಾ ನೀರಿರುವಾಗ ಅದಕ್ಕೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಉತ್ಕರ್ಷಣಕಾರಿಯಾದ ಪೆರಾಕ್ಸೈಡ್ ಇದರೊಡನೆ ಸೇರಬಾರದೆಂದು ಅದರ ಕ್ಯಾನುಗಳನ್ನು ನಾನು ಬೇರೆಯೇ ಕೋಣೆಯಲ್ಲಿ ಇಡಿಸಿದ್ದೇನೆ.